ಒತ್ತೆಯಿಟ್ಟ ಪ್ರೀತಿ

2005ರ ಜುಲೈ 16. ಲಂಡನ್ನಿನಲ್ಲಿ ಆಗಷ್ಟೇ ನಡುರಾತ್ರಿ ದಾಟಿತ್ತು, ಭಾರತದಲ್ಲಿ ಇನ್ನೂ ನಸುಕು. ಹ್ಯಾರಿ ಪಾಟರ್ ಸರಣಿಯ ಆರನೆಯ ಕಾದಂಬರಿ ಅಂಗಡಿಗಳಿಗೆ ಬಂತು. ಎರಡು ದಿನ ಕಳೆಯುವಷ್ಟರಲ್ಲಿ ಅದನ್ನು ಓದಿ ಮುಗಿಸಿದವರ ಬಾಯಲ್ಲಿ ಒಂದೇ ಪ್ರಶ್ನೆ. ಹಾಗ್ವಾರ್ಟ್ಸ್ ಎಂಬ ಮಾಯಾಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್‌ನನ್ನು ಗೋಪುರದ ಮೇಲೆ ಕೊಂದವನು ಸೆವೆರಸ್ ಸ್ನೇಪ್. ಊರೆಲ್ಲ ಅನುಮಾನಿಸಿದಾಗಲೂ ಡಂಬಲ್‌ಡೋರ್ ಕೊನೆಯವರೆಗೆ ನಂಬಿದ್ದ ಅದೇ ಸ್ನೇಪ್. ಹಾಗಾದರೆ ಅವನು ಯಾರ ಕಡೆಯವನು?

ಮುಂದಿನ ಎರಡು ವರ್ಷ ಓದುಗರು ಈ ಪ್ರಶ್ನೆಯನ್ನು ಹಿಡಿದು ಜಗ್ಗಾಡಿದರು. ಅಮೆರಿಕದ ಬಾರ್ಡರ್ಸ್ ಪುಸ್ತಕದಂಗಡಿಗಳು ಸ್ನೇಪನನ್ನು ನಂಬುವವರಿಗೊಂದು, ನಂಬದವರಿಗೊಂದು ಎಂದು ಎರಡು ಬಗೆಯ ಸ್ಟಿಕರ್ ಹಂಚಿದವು. 2007ರ ಜುಲೈ 21ರಂದು ಬಂದ ಏಳನೆಯ ಪುಸ್ತಕದ ಮೂವತ್ತಮೂರನೆಯ ಅಧ್ಯಾಯದಲ್ಲಿ ಉತ್ತರ ಸಿಕ್ಕಿತು. ಆ ಉತ್ತರ ಒಬ್ಬ ಹೆಣ್ಣುಮಗಳ ಹೆಸರು: ಲಿಲಿ. ಸ್ನೇಪ್ ಬಾಲ್ಯದಿಂದ ಪ್ರೀತಿಸಿದವಳು, ಬೇರೊಬ್ಬನನ್ನು ಮದುವೆಯಾದವಳು, ಹ್ಯಾರಿಯ ತಾಯಿ, 1981ರ ಅಕ್ಟೋಬರ್ 31ರಂದು ವೋಲ್ಡೆಮಾರ್ಟ್‌ನ ಕೈಯಲ್ಲಿ ಸತ್ತವಳು.

ಬಹುಪಾಲು ಓದುಗರು ಇದನ್ನು ಪ್ರೇಮಕಥೆಯಾಗಿ ಓದಿ ಕಣ್ಣೊರೆಸಿಕೊಂಡರು. ಅದರಲ್ಲಿ ತಪ್ಪಿಲ್ಲ. ಆದರೆ ಗೂಢಚಾರಿಕೆಯ ಚರಿತ್ರೆಯ ಪಕ್ಕದಲ್ಲಿಟ್ಟು ನೋಡಿದರೆ ಇದೇ ಕಥೆಗೆ ಇನ್ನೊಂದು ಮುಖ ಕಾಣುತ್ತದೆ. ಎರಡೂ ಕಡೆ ಉಂಡು ಒಂದೇ ಕಡೆ ದುಡಿಯುವವನನ್ನು ನಂಬುವುದು ಹೇಗೆ ಎಂಬುದು ಬಹಳ ಹಳೆಯ ಪ್ರಶ್ನೆ. ಅದಕ್ಕೆ ಅಧಿಕಾರ ಕಂಡುಕೊಂಡ ಉತ್ತರವೂ ಅಷ್ಟೇ ಹಳೆಯದು: ಅವನು ಪ್ರೀತಿಸುವವರನ್ನು ಒತ್ತೆ ಇಟ್ಟುಕೋ.

ಈ ಮಾತನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಶತಮಾನಗಳ ಕಾಲ ಹೆಸರಷ್ಟೇ ಉಳಿದಿದ್ದ ಆ ಗ್ರಂಥದ ತಾಳೆಗರಿ ಪ್ರತಿಯನ್ನು 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಅದರಲ್ಲಿ ಗೂಢಚಾರರ ಬಗೆಗಳನ್ನು ವಿವರಿಸುವ ಭಾಗದಲ್ಲಿ ‘ಉಭಯವೇತನ’ ಎಂಬ ಪದ ಬರುತ್ತದೆ. ಶತ್ರುವಿನ ಆಸ್ಥಾನದಲ್ಲಿ ಸಂಬಳಕ್ಕಿದ್ದು, ತನ್ನ ರಾಜನಿಂದಲೂ ಸಂಬಳ ಪಡೆಯುವವನು ಎಂದರ್ಥ. ಇಂಥವರನ್ನು ನೇಮಿಸುವಾಗ ಅವರ ಹೆಂಡತಿ ಮಕ್ಕಳನ್ನು ತನ್ನ ವಶದಲ್ಲಿಟ್ಟುಕೊಳ್ಳಬೇಕು ಎಂದು ಕೌಟಿಲ್ಯ ರಾಜನಿಗೆ ಹೇಳುತ್ತಾನೆ. ಆಣೆ ಪ್ರಮಾಣಗಳ ಮೇಲೆ ಅವನಿಗೆ ಭರವಸೆಯಿಲ್ಲ. ಮನುಷ್ಯ ಯಾವುದನ್ನು ಕಳೆದುಕೊಳ್ಳಲಾರನೋ ಅದು ನಿನ್ನ ಕೈಯಲ್ಲಿರಲಿ, ಅವನು ಎಲ್ಲಿದ್ದರೂ ನಿನ್ನವನೇ.

ಇಪ್ಪತ್ತನೆಯ ಶತಮಾನದ ಬ್ರಿಟನ್ ಈ ವಿದ್ಯೆಯನ್ನು ಒಂದು ಕಚೇರಿಯ ಕೆಲಸದಂತೆ ನಡೆಸಿತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಬೇಹುಗಾರರನ್ನು ಹಿಡಿದು, ತಿರುಗಿಸಿ, ಅವರ ಮೂಲಕ ಹಿಟ್ಲರನಿಗೆ ಸುಳ್ಳು ಸುದ್ದಿ ಕಳಿಸಲು ಒಂದು ಸಮಿತಿಯಿತ್ತು. ಅದರ ಹೆಸರು ಇಪ್ಪತ್ತರ ಸಮಿತಿ. ರೋಮನ್ ಅಂಕಿಯಲ್ಲಿ ಇಪ್ಪತ್ತೆಂದರೆ ಎರಡು ಎಕ್ಸ್, ಎಂದರೆ ಎರಡು ಅಡ್ಡಗೆರೆ. ಇಂಗ್ಲಿಷಿನಲ್ಲಿ ‘ಡಬಲ್ ಕ್ರಾಸ್’ ಎಂದರೆ ಬೆನ್ನಿಗೆ ಚೂರಿ ಹಾಕುವುದು. ಆಕ್ಸ್‌ಫರ್ಡಿನ ಇತಿಹಾಸಕಾರ ಜಾನ್ ಮಾಸ್ಟರ್‌ಮನ್ ಅದರ ಅಧ್ಯಕ್ಷರು.

ಆ ಸಮಿತಿಯ ಅತ್ಯಂತ ಯಶಸ್ವಿ ಗೂಢಚಾರ ಬಾರ್ಸಿಲೋನಾದ ಹುವಾನ್ ಪುಜೋಲ್ ಗಾರ್ಸಿಯಾ. ಬ್ರಿಟಿಷರು ಅವನಿಗಿಟ್ಟ ಗುಪ್ತನಾಮ ಗಾರ್ಬೊ. ತನ್ನ ಕೈಕೆಳಗೆ 27 ಮಂದಿ ಬೇಹುಗಾರರಿದ್ದಾರೆಂದು ಅವನು ಜರ್ಮನ್ನರನ್ನು ನಂಬಿಸಿದ್ದ. ಅವರಲ್ಲಿ ಒಬ್ಬರೂ ನಿಜವಾದ ಮನುಷ್ಯರಲ್ಲ. 1944ರಲ್ಲಿ ಮಿತ್ರಪಡೆಗಳು ನಾರ್ಮಂಡಿಯಲ್ಲಿ ಇಳಿದಾಗ, ನಿಜವಾದ ದಾಳಿ ಬೇರೆಡೆ ಆಗಲಿದೆ ಎಂದು ಜರ್ಮನಿಯನ್ನು ನಂಬಿಸಿದ್ದರಲ್ಲಿ ಅವನ ಪಾತ್ರ ದೊಡ್ಡದು. ಅದೇ ವರ್ಷ ಜರ್ಮನಿ ಅವನಿಗೆ ಐರನ್ ಕ್ರಾಸ್ ಪದಕ ಘೋಷಿಸಿತು, ಬ್ರಿಟನ್ ಎಂಬಿಇ ಗೌರವ ಕೊಟ್ಟಿತು.

ಪದಕಗಳ ಕಥೆ ಎಲ್ಲರೂ ಹೇಳುತ್ತಾರೆ. ಅವನ ಹೆಂಡತಿ ಅರಸೆಲಿಯ ಕಥೆ ಹೊರಬಂದದ್ದು ಬಹಳ ತಡವಾಗಿ, 2016ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹ ಕಡತಗಳನ್ನು ತೆರೆದಾಗ. ಲಂಡನ್ನಿನಲ್ಲಿ ಒಂಟಿಯಾಗಿ, ಭಾಷೆ ಬಾರದೆ, ತವರಿನ ಹಂಬಲದಲ್ಲಿದ್ದ ಅವಳು 1943ರಲ್ಲಿ ಸ್ಪೇನಿನ ರಾಯಭಾರ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿಬಿಡುತ್ತೇನೆಂದು ಪಟ್ಟುಹಿಡಿದಳು. ಆಗ ಗುಪ್ತಚರ ಇಲಾಖೆ ಅವಳ ಗಂಡನನ್ನು ಬಂಧಿಸಿದಂತೆ ನಾಟಕವಾಡಿತು. ಅವಳ ಕಣ್ಣಿಗೆ ಬಟ್ಟೆ ಕಟ್ಟಿ ಕರೆದೊಯ್ದು, ಕೈದಿಯ ಉಡುಪಿನಲ್ಲಿದ್ದ ಗಂಡನನ್ನು ತೋರಿಸಿತು. ಅವಳು ಹೆದರಿ ಬಾಯಿ ಮುಚ್ಚಿದಳು. ಆ ನಾಟಕದ ಉಪಾಯ ಹೊಳೆದದ್ದು ಪುಜೋಲ್‌ಗೇ. ಯುದ್ಧ ಮುಗಿದ ಮೇಲೆ ಇಬ್ಬರೂ ಬೇರೆಯಾದರು. 1949ರಲ್ಲಿ ಅವನು ಅಂಗೋಲಾದಲ್ಲಿ ಮಲೇರಿಯಾದಿಂದ ಸತ್ತನೆಂಬ ಸುದ್ದಿ ಅವಳಿಗೆ ತಲುಪಿತು. ಅದೂ ಸುಳ್ಳೇ. 1984ರಲ್ಲಿ ಅವನು ವೆನೆಜುವೆಲಾದಲ್ಲಿ ಜೀವಂತ ಪತ್ತೆಯಾದ.

ಯುದ್ಧದ ನಂತರ ಬ್ರಿಟಿಷರಿಗೆ ಇದರ ತಿರುಗುಮುರುಗಾದ ಅನುಭವವಾಯಿತು. ಅವರ ಗುಪ್ತಚರ ಇಲಾಖೆಯ ಒಳಗೇ ಕಿಮ್ ಫಿಲ್ಬಿ ಎಂಬ ಸೋವಿಯತ್ ಗೂಢಚಾರನಿದ್ದ. ಅನುಮಾನ ಎದ್ದಾಗ, 1955ರ ನವೆಂಬರಿನಲ್ಲಿ ವಿದೇಶಾಂಗ ಸಚಿವ ಹ್ಯಾರಲ್ಡ್ ಮ್ಯಾಕ್‌ಮಿಲನ್ ಸಂಸತ್ತಿನಲ್ಲಿ ನಿಂತು ಅವನು ದ್ರೋಹ ಬಗೆದನೆನ್ನಲು ಕಾರಣವಿಲ್ಲ ಎಂದರು. ಫಿಲ್ಬಿಯ ಹಳೆಯ ಗೆಳೆಯರು ಅವನ ಪರವಾಗಿ ಆಣೆ ಮಾಡಲು ಸಿದ್ಧರಿದ್ದರು. 1963ರ ಜನವರಿಯಲ್ಲಿ ಅವನು ಬೈರೂತಿನಿಂದ ಮಾಸ್ಕೋಗೆ ಓಡಿಹೋದ. ದೊಡ್ಡವರು ನಂಬಿದ್ದಾರೆ ಎಂಬುದು ನಿಷ್ಠೆಗೆ ಪುರಾವೆಯಲ್ಲ ಎಂಬ ಪಾಠವನ್ನು ಒಂದು ತಲೆಮಾರು ಹೀಗೆ ಕಲಿಯಿತು.

ಅದೇ ವರ್ಷ ಜಾನ್ ಲೆ ಕಾರೆ ಅವರ ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದಿ ಕೋಲ್ಡ್’ ಕಾದಂಬರಿ ಬಂತು. ಲೆ ಕಾರೆ ಸ್ವತಃ ಆ ಇಲಾಖೆಯಲ್ಲಿದ್ದವರು. ಅವರ ನಾಯಕ ಲೀಮಸ್ ಶತ್ರುಪಾಳಯದ ಮುಂಡ್ಟ್ ಎಂಬ ಕ್ರೂರಿಯನ್ನು ಮುಗಿಸಲು ಹೋಗುತ್ತೇನೆಂದು ನಂಬಿ ಪೂರ್ವ ಜರ್ಮನಿಗೆ ಹೋಗುತ್ತಾನೆ. ಕೊನೆಗೆ ತಿಳಿಯುವುದು, ಆ ಕ್ರೂರಿಯೇ ಲಂಡನ್ನಿನ ಗುಟ್ಟಿನ ಮನುಷ್ಯ. ಅವನನ್ನು ಉಳಿಸಲೆಂದೇ ಲೀಮಸ್‌ನನ್ನು ಕಳಿಸಲಾಗಿತ್ತು. ಲೀಮಸ್ ಪ್ರೀತಿಸಿದ ಹುಡುಗಿ ಲಿಜ್ ಆ ಆಟದ ಒಂದು ಕಾಯಿ. ಇಬ್ಬರೂ ಬರ್ಲಿನ್ ಗೋಡೆಯ ಬುಡದಲ್ಲಿ ಸಾಯುತ್ತಾರೆ. ಇಲ್ಲಿ ಪ್ರೀತಿ ಯಾರನ್ನೂ ಕಾಯುವುದಿಲ್ಲ. ಅದು ಆಡಳಿತಕ್ಕೆ ಒದಗಿದ ಇನ್ನೊಂದು ಸಲಕರಣೆ.

ಜೆ. ಕೆ. ರೋಲಿಂಗ್ ಹುಟ್ಟಿದ್ದು 1965ರಲ್ಲಿ, ಈ ಕಥೆಗಳು ಬ್ರಿಟನ್ನಿನ ಗಾಳಿಯಲ್ಲಿದ್ದ ಕಾಲದಲ್ಲಿ. ಅವರು ಬರೆದದ್ದು ಮಕ್ಕಳ ಮಾಯಾಲೋಕ. ಆದರೂ ಸ್ನೇಪನ ಕಥೆಯ ಕಟ್ಟಡ ಗೂಢಚಾರರ ಕಥೆಯದೇ. ನಾಲ್ಕನೆಯ ಪುಸ್ತಕದಲ್ಲಿ ಒಂದು ವಿಚಾರಣೆ ಬರುತ್ತದೆ. ಸ್ನೇಪ್ ವೋಲ್ಡೆಮಾರ್ಟ್‌ನ ಬಂಟನೆಂಬ ಆರೋಪ ಎದ್ದಾಗ, ಡಂಬಲ್‌ಡೋರ್ ನ್ಯಾಯಸಭೆಯಲ್ಲಿ ಎದ್ದುನಿಂತು ಅವನ ಪರ ಮಾತು ಕೊಡುತ್ತಾನೆ. ಕಾರಣ ಹೇಳುವುದಿಲ್ಲ. ಮ್ಯಾಕ್‌ಮಿಲನ್ ಕೊಟ್ಟ ಮಾತಿಗೂ ಡಂಬಲ್‌ಡೋರ್ ಕೊಟ್ಟ ಮಾತಿಗೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಆರನೆಯ ಪುಸ್ತಕದ ಓದುಗರು ನಿಂತದ್ದು ಇದೇ ಜಾಗದಲ್ಲಿ.

ಒಳಗೆ ನಡೆದದ್ದು ಇಷ್ಟು. ವೋಲ್ಡೆಮಾರ್ಟ್‌ನನ್ನು ಸೋಲಿಸಬಲ್ಲ ಮಗು ಹುಟ್ಟಲಿದೆ ಎಂಬ ಭವಿಷ್ಯವಾಣಿಯ ಒಂದು ತುಣುಕನ್ನು ಕದ್ದು ಕೇಳಿ, ಒಡೆಯನಿಗೆ ಒಪ್ಪಿಸಿದವನು ಸ್ನೇಪನೇ. ಆ ಮಗು ಲಿಲಿಯದೆಂದು ವೋಲ್ಡೆಮಾರ್ಟ್ ತೀರ್ಮಾನಿಸಿದಾಗ ಅವನ ಕಾಲಡಿಯ ನೆಲ ಕುಸಿಯಿತು. ತಾನು ತಂದ ಸುದ್ದಿಯೇ ತಾನು ಪ್ರೀತಿಸಿದವಳ ಸಾವಿನ ಓಲೆಯಾಗಿತ್ತು. ಮೊದಲು ಅವನು ವೋಲ್ಡೆಮಾರ್ಟ್‌ನ ಬಳಿ ಬೇಡಿಕೊಂಡದ್ದು ಲಿಲಿಯ ಜೀವವೊಂದನ್ನೇ. ಗಂಡನೂ ಮಗುವೂ ಏನಾದರೂ ಆಗಲಿ. ಆಮೇಲೆ ಡಂಬಲ್‌ಡೋರ್‌ನ ಬಳಿ ಓಡಿಬಂದ. ಡಂಬಲ್‌ಡೋರ್ ಅವನ ಸ್ವಾರ್ಥಕ್ಕೆ ಅಸಹ್ಯಪಟ್ಟ. ಅಷ್ಟಕ್ಕೇ ನಿಲ್ಲಿಸದೆ, ಆ ಕುಟುಂಬವನ್ನು ಕಾಪಾಡಿದರೆ ಬದಲಿಗೆ ನೀನೇನು ಕೊಡುತ್ತೀಯ ಎಂದು ಕೇಳಿದ. ಏನು ಬೇಕಾದರೂ ಎಂದು ಸ್ನೇಪ್ ಒಪ್ಪಿದ. ಉಭಯವೇತನನ ನೇಮಕ ಆದದ್ದು ಹೀಗೆ, ಒತ್ತೆಯ ಮೇಲೆ.

ಆದರೆ ಒತ್ತೆ ಉಳಿಯಲಿಲ್ಲ. ಲಿಲಿ ಸತ್ತಳು. ಕೌಟಿಲ್ಯನ ಲೆಕ್ಕದಲ್ಲಿ ಈ ಕರಾರು ಅಲ್ಲಿಗೆ ಹರಿದುಹೋಗಬೇಕು. ಕಳೆದುಕೊಳ್ಳಲು ಏನೂ ಉಳಿಯದವನನ್ನು ಹಿಡಿದಿಡುವ ಹಗ್ಗ ಯಾವ ರಾಜನ ಬಳಿಯೂ ಇಲ್ಲ. ಆಗ ಡಂಬಲ್‌ಡೋರ್ ಹೊಸ ಒತ್ತೆಯೊಂದನ್ನು ಮುಂದಿಟ್ಟ: ತಾಯಿಯ ಕಣ್ಣುಗಳನ್ನೇ ಹೊತ್ತು ಹುಟ್ಟಿದ ಅವಳ ಮಗ. ಅವನನ್ನು ಕಾಯುವುದೇ ಅವಳಿಗೆ ಸಲ್ಲಿಸುವ ಋಣ. ಸ್ನೇಪ್ ಒಪ್ಪಿದ, ಒಂದು ಷರತ್ತಿನ ಮೇಲೆ: ಈ ವಿಷಯ ಯಾರಿಗೂ ತಿಳಿಯಬಾರದು. ಅಂದಿನಿಂದ ಅವನ ನಿಷ್ಠೆಗೆ ಜಗತ್ತಿನಲ್ಲಿ ಒಬ್ಬನೇ ಸಾಕ್ಷಿ.

ಮುಂದಿನ ಹದಿನಾರೂವರೆ ವರ್ಷ ಅವನು ಆ ಮಾತಿಗೆ ತಪ್ಪಲಿಲ್ಲ. ಇದರಿಂದ ಅವನು ಒಳ್ಳೆಯವನಾದ ಎನ್ನುವಂತಿಲ್ಲ. ತರಗತಿಯಲ್ಲಿ ಅನಾಥ ಹ್ಯಾರಿಯನ್ನು ಹೀಯಾಳಿಸಿದ. ನೆವಿಲ್ ಎಂಬ ಪುಕ್ಕಲು ಹುಡುಗನಿಗೆ ಲೋಕದಲ್ಲಿ ಅತ್ಯಂತ ಭಯ ಹುಟ್ಟಿಸುವ ವಸ್ತು ಸ್ನೇಪ್ ಮೇಷ್ಟ್ರೇ. ಲಿಲಿಯ ಗೆಳೆತನ ಮುರಿದದ್ದೂ ಅವನ ನಾಲಿಗೆಯಿಂದಲೇ, ಅವಳ ಹುಟ್ಟನ್ನು ಹೀನಾಯವಾಗಿ ಬೈದ ಒಂದು ಪದದಿಂದ. ಪ್ರೀತಿ ಅವನ ಗುಣವನ್ನು ತಿದ್ದಲಿಲ್ಲ, ಅವನ ದಿಕ್ಕನ್ನು ಮಾತ್ರ ತಿದ್ದಿತು. ಆ ಕಾರಣಕ್ಕೇ ಪಾತ್ರ ನಂಬುವಂತಿದೆ. ನಿಜವಾದ ಗೂಢಚಾರರ ಕಡತಗಳಲ್ಲೂ ಸಂತರು ಸಿಗುವುದು ಅಪರೂಪ.

ಕಥೆಯ ಅತಿ ಕಠೋರ ಭಾಗ ಬರುವುದು ಆಮೇಲೆ. ಶಾಪಗ್ರಸ್ತ ಉಂಗುರದಿಂದ ಹೇಗೂ ಸಾಯಲಿದ್ದ ಡಂಬಲ್‌ಡೋರ್, ತನ್ನನ್ನು ನೀನೇ ಕೊಲ್ಲಬೇಕೆಂದು ಸ್ನೇಪನನ್ನು ಕೇಳುತ್ತಾನೆ. ಆ ಕೊಲೆಗೆ ನೇಮಕವಾಗಿದ್ದ ಡ್ರೇಕೊ ಎಂಬ ಹುಡುಗನ ಆತ್ಮ ಕಲುಷಿತವಾಗಬಾರದು ಎಂಬುದು ಕಾರಣ. ಹಾಗಾದರೆ ನನ್ನ ಆತ್ಮದ ಗತಿ ಏನು ಎಂದು ಸ್ನೇಪ್ ಕೇಳುತ್ತಾನೆ. ಇದ್ದೊಬ್ಬ ಸಾಕ್ಷಿಯನ್ನು ಅವನು ತನ್ನ ಕೈಯಾರೆ ಇಲ್ಲವಾಗಿಸಬೇಕು. ಅದಕ್ಕೂ ದೊಡ್ಡ ಪೆಟ್ಟು ಇನ್ನೊಂದು. ವೋಲ್ಡೆಮಾರ್ಟ್ ಸಾಯಬೇಕಾದರೆ ಹ್ಯಾರಿಯೂ ಸಾವಿಗೆ ಎದೆಯೊಡ್ಡಬೇಕು ಎಂದು ಡಂಬಲ್‌ಡೋರ್ ಅವನಿಗೆ ತಿಳಿಸುತ್ತಾನೆ. ಇಷ್ಟು ವರ್ಷ ಕಾಪಾಡಿದ್ದು ಸರಿಯಾದ ಹೊತ್ತಿಗೆ ಬಲಿ ಕೊಡಲೆಂದೇ ಎಂದು ಸ್ನೇಪನಿಗೆ ಆಗ ಅರ್ಥವಾಗುತ್ತದೆ. ಒತ್ತೆ ಇಟ್ಟುಕೊಂಡವನು ಒತ್ತೆಯನ್ನೇ ಖರ್ಚು ಮಾಡಲು ಹೊರಟಿದ್ದ.

ಇಲ್ಲಿ ಸ್ನೇಪ್ ಕೈಬಿಡಬಹುದಿತ್ತು. ಅವನ ಮೇಲೆ ಯಾರ ಹಿಡಿತವೂ ಉಳಿದಿರಲಿಲ್ಲ. ಡಂಬಲ್‌ಡೋರ್ ಸತ್ತ ಮೇಲಂತೂ ಕೇಳುವವರೇ ಇರಲಿಲ್ಲ. ಆದರೂ ಅವನು ಶತ್ರು ನೇಮಿಸಿದ ಮುಖ್ಯೋಪಾಧ್ಯಾಯನಾಗಿ ಅದೇ ಶಾಲೆಗೆ ಮರಳಿ, ಎಲ್ಲರ ಶಾಪ ಹೊತ್ತು, ಮಕ್ಕಳಿಗೆ ಆಗುವ ಹಾನಿಯನ್ನು ಕೈಲಾದಷ್ಟು ತಡೆಯುತ್ತ ವರ್ಷ ಕಳೆದ. ಒತ್ತೆಯ ಭಯದಿಂದ ಶುರುವಾದದ್ದು ಯಾವುದೋ ಒಂದು ಘಟ್ಟದಲ್ಲಿ ಸ್ವಂತ ನಿಷ್ಠೆಯಾಗಿ ಮಾರ್ಪಟ್ಟಿತ್ತು. ಇಷ್ಟು ಕಾಲದ ನಂತರವೂ ಅವಳೇ ಏನು ಎಂದು ಡಂಬಲ್‌ಡೋರ್ ಕೇಳಿದಾಗ ಅವನು ಕೊಟ್ಟ ಒಂದೇ ಪದದ ಉತ್ತರವನ್ನು ಓದುಗರು ಪ್ರೇಮದ ಗುರುತಾಗಿ ಕಾಪಿಟ್ಟುಕೊಂಡಿದ್ದಾರೆ. ಗೂಢಚಾರರ ಚರಿತ್ರೆ ಓದಿದವರಿಗೆ ಅದು ಬೇರೆಯಾಗಿಯೂ ಕೇಳಿಸುತ್ತದೆ: ಸತ್ತವಳನ್ನು ಯಾವ ರಾಜನೂ ಒತ್ತೆ ಇಟ್ಟುಕೊಳ್ಳಲಾರ. ಉಳಿದದ್ದು ಅವನೇ ತನಗೆ ಹಾಕಿಕೊಂಡ ಕಟ್ಟು.

ಈ ಗುಟ್ಟಿಗೆ ನಿಜಜೀವನದಲ್ಲೂ ಒಬ್ಬ ಕಾವಲುಗಾರರಿದ್ದರು. 2001ರಿಂದ 2011ರವರೆಗೆ ಎಂಟು ಚಿತ್ರಗಳಲ್ಲಿ ಸ್ನೇಪನಾದ ನಟ ಆಲನ್ ರಿಕ್‌ಮನ್ ಅವರಿಗೆ, ಕೊನೆಯ ಪುಸ್ತಕಕ್ಕೆ ವರ್ಷಗಳ ಮೊದಲೇ, ರೋಲಿಂಗ್ ಒಂದು ಸಣ್ಣ ಸುಳಿವು ಕೊಟ್ಟಿದ್ದರು. ಅದನ್ನು ಅವರು ಹೊರಗೆಡವಲಿಲ್ಲ. ಪಾತ್ರದ ಒಳಗಿಟ್ಟುಕೊಂಡೇ ನಟಿಸಿದರು. 2016ರ ಜನವರಿ 14ರಂದು ಅವರು ತೀರಿಕೊಂಡಾಗ ಅಭಿಮಾನಿಗಳು ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ, ಕಥೆಯ ಪ್ಲಾಟ್‌ಫಾರಂ ಒಂಬತ್ತೂ ಮುಕ್ಕಾಲರ ಗುರುತಿನ ಬಳಿ, ಹೂವಿಟ್ಟರು.

ಸ್ನೇಪನ ಸಾವು ಮಾತ್ರ ಇಂಥ ಗೌರವವಿಲ್ಲದ ಸಾವು. ವೋಲ್ಡೆಮಾರ್ಟ್ ಅವನನ್ನು ಕೊಲ್ಲಿಸಿದ್ದು ದ್ರೋಹ ಬಯಲಾಗಿ ಅಲ್ಲ. ಒಂದು ಮಂತ್ರದಂಡದ ಒಡೆತನದ ಬಗೆಗಿನ ತಪ್ಪು ತಿಳುವಳಿಕೆಯಿಂದ. ಸಾಯುವಾಗ ಅವನು ತನ್ನ ನೆನಪುಗಳನ್ನು ಹ್ಯಾರಿಯ ಕೈಗೆ ಸುರಿದುಕೊಟ್ಟ. ಅವು ಇಲ್ಲದಿದ್ದರೆ ಚರಿತ್ರೆಯಲ್ಲಿ ಅವನು ಕೊಲೆಗಾರನಾಗಿಯೇ ಉಳಿಯುತ್ತಿದ್ದ.

ಹಾಗ್ವಾರ್ಟ್ಸ್‌ನ ಮುಖ್ಯೋಪಾಧ್ಯಾಯರ ಕೋಣೆಯ ಗೋಡೆಯಲ್ಲಿ ತೀರಿಹೋದ ಮುಖ್ಯೋಪಾಧ್ಯಾಯರ ಭಾವಚಿತ್ರಗಳಿವೆ. ಯುದ್ಧ ಮುಗಿದ ದಿನ ಅಲ್ಲಿ ಸ್ನೇಪನ ಚಿತ್ರವಿರಲಿಲ್ಲ. 2007ರಲ್ಲಿ ಓದುಗರೊಬ್ಬರು ಈ ಬಗ್ಗೆ ಕೇಳಿದಾಗ, ಅದು ಬೇಕೆಂದೇ ಬಿಟ್ಟದ್ದು, ಸಾಯುವ ಮೊದಲು ಅವನು ಹುದ್ದೆ ತೊರೆದು ಹೋಗಿದ್ದನಲ್ಲ ಎಂದು ರೋಲಿಂಗ್ ಉತ್ತರಿಸಿದರು. ಮುಂದೆ ಹ್ಯಾರಿಯೇ ಮುತುವರ್ಜಿ ವಹಿಸಿ ಅದನ್ನು ಹಾಕಿಸಿರುತ್ತಾನೆಂದು ಭಾವಿಸಲು ತಮಗಿಷ್ಟ ಎಂದೂ ಸೇರಿಸಿದರು. ಒತ್ತೆಯಾಗಿದ್ದ ಹುಡುಗ ಬದುಕುಳಿದು, ತನ್ನನ್ನು ಕಾಯ್ದವನ ಪರವಾಗಿ ಸಾಕ್ಷಿ ನುಡಿಯುತ್ತಾನೆ. ಎರಡು ಸಂಬಳ ಪಡೆದವರ ಚರಿತ್ರೆಯಲ್ಲಿ ಇಷ್ಟು ಕೂಲಿ ಸಿಕ್ಕವರು ಹೆಚ್ಚಿಲ್ಲ.