ಜಾನ್ ಪೋಪಲ್ ಅವರ ವಿದ್ವಜ್ಜೀವನ: ಗಣನಾತ್ಮಕ ರಸಾಯನಶಾಸ್ತ್ರದ ಉದಯದ ಒಂದು ಅಧ್ಯಾಯ

ವಿಜ್ಞಾನದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ಬಗೆಯ ಆಧಾರಗಳನ್ನು ಅವಲಂಬಿಸುತ್ತಾರೆ: ಪ್ರಕಟವಾದ ಪ್ರಬಂಧಗಳು ಮತ್ತು ಪ್ರಯೋಗಶಾಲೆಯ ಉಪಕರಣಗಳು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇವೆರಡರ ಜೊತೆಗೆ ಮೂರನೆಯದೊಂದು ಬಂದು ಸೇರಿತು. ಅದು ಗಣಕಯಂತ್ರಕ್ಕಾಗಿ ಬರೆಯುವ ಕ್ರಮವಿಧಿ, ಅರ್ಥಾತ್ ಪ್ರೋಗ್ರಾಂ. ಈ ಹೊಸ ಸಾಧನವು ಒಂದು ಶಾಸ್ತ್ರದ ಸ್ವರೂಪವನ್ನೇ ಹೇಗೆ ಬದಲಿಸಿತೆಂಬುದನ್ನು ಜಾನ್ ಪೋಪಲ್ ಅವರ ವಿದ್ವಜ್ಜೀವನದ ಮೂಲಕ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಪೋಪಲ್ 1925ರ ಅಕ್ಟೋಬರ್ 31ರಂದು ಇಂಗ್ಲೆಂಡಿನ ಸಾಮರ್ಸೆಟ್ ಪ್ರಾಂತದ ಬರ್ನ್‌ಹ್ಯಾಂ ಎಂಬ ಊರಿನಲ್ಲಿ ಜನಿಸಿದರು. ತಂದೆ ಉಡುಪಿನ ವ್ಯಾಪಾರಿ. ಬ್ರಿಸ್ಟಲ್ ನಗರದಲ್ಲಿ ಶಾಲಾಶಿಕ್ಷಣ ಮುಗಿಸಿ, 1943ರಲ್ಲಿ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಗಣಿತವನ್ನು ವ್ಯಾಸಂಗ ಮಾಡಿದರು. 1945ರಿಂದ 1947ರವರೆಗೆ ವಿಮಾನ ತಯಾರಿಕೆಯ ಕಂಪನಿಯೊಂದರಲ್ಲಿ ಕೆಲಸ ಮಾಡಿ, ಪುನಃ ಕೇಂಬ್ರಿಜ್‌ಗೆ ಮರಳಿ, ಲೆನರ್ಡ್-ಜೋನ್ಸ್ ಅವರ ಮಾರ್ಗದರ್ಶನದಲ್ಲಿ 1951ರಲ್ಲಿ ಡಾಕ್ಟರೇಟ್ ಪಡೆದರು. 1954ರಿಂದ ನಾಲ್ಕು ವರ್ಷ ಅವರು ಅಲ್ಲಿಯೇ ಅಧ್ಯಾಪಕರಾಗಿದ್ದರು. ಬೋಧಿಸುತ್ತಿದ್ದುದು ಗಣಿತ, ಚಿಂತಿಸುತ್ತಿದ್ದುದು ರಸಾಯನಶಾಸ್ತ್ರ.

ಅವರೆದುರಿಗಿದ್ದ ಸಮಸ್ಯೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕಾಗಿದೆ. ಅಣುಗಳಲ್ಲಿ ಎಲೆಕ್ಟ್ರಾನುಗಳ ವರ್ತನೆಯನ್ನು ನಿರ್ಣಯಿಸುವ ಸಮೀಕರಣವು 1926ರಿಂದಲೇ ತಿಳಿದಿತ್ತು. ರಸಾಯನಶಾಸ್ತ್ರಕ್ಕೆ ಬೇಕಾದ ಮೂಲನಿಯಮಗಳು ದೊರೆತಿವೆ, ಆದರೆ ಅವುಗಳಿಂದ ಹುಟ್ಟುವ ಸಮೀಕರಣಗಳು ಬಿಡಿಸಲಾಗದಷ್ಟು ಜಟಿಲವಾಗಿವೆಯೆಂಬ ಅಭಿಪ್ರಾಯವನ್ನು 1929ರಲ್ಲಿ ಡಿರಾಕ್ ವ್ಯಕ್ತಪಡಿಸಿದ್ದರು. ಕಷ್ಟದ ಪ್ರಮಾಣ ಇಂಥದು: ನೀರಿನ ಅಣುವನ್ನು ಕನಿಷ್ಠ ಪಕ್ಷ 7 ಆಧಾರಫಲನಗಳಿಂದ ನಿರೂಪಿಸಿದರೆ, ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಗೆ ಸಂಬಂಧಿಸಿದ 406 ಅನುಕಲಗಳನ್ನು ಗಣಿಸಬೇಕು. ಬೆನ್ಜೀನಿಗೆ 36 ಫಲನಗಳು. ಅನುಕಲಗಳ ಸಂಖ್ಯೆಯಾದರೋ 2,22,111. ಕಾಗದ ಲೇಖನಿಗಳಿಂದ ಇದನ್ನು ಸಾಧಿಸುವಂತಿರಲಿಲ್ಲ.

ಇದಕ್ಕೆ ಎರಡು ಪರಿಹಾರಗಳು ತೋರಿದವು. ಮೊದಲನೆಯದು, ಹೆಚ್ಚು ಪರಿಣಾಮವಿಲ್ಲದ ಅನುಕಲಗಳನ್ನು ಕೈಬಿಟ್ಟು, ಕೆಲವು ಬೆಲೆಗಳನ್ನು ಪ್ರಯೋಗಗಳಿಂದ ಎರವಲು ತರುವುದು. 1953ರಲ್ಲಿ ಪೋಪಲ್ ಇಂಥ ವಿಧಾನವೊಂದನ್ನು ರೂಪಿಸಿದರು. ಅದೇ ವರ್ಷ ಅಮೆರಿಕದಲ್ಲಿ ಪ್ಯಾರಿಸರ್ ಮತ್ತು ಪಾರ್ ಸ್ವತಂತ್ರವಾಗಿ ಅದನ್ನೇ ಹೋಲುವ ವಿಧಾನವನ್ನು ಪ್ರಕಟಿಸಿದ್ದರಿಂದ ಅದಕ್ಕೆ ಮೂವರ ಹೆಸರೂ ಸಂದಿತು. ಎರಡನೆಯದು, ಯಾವುದನ್ನೂ ಬಿಡದೆ, ಎಲ್ಲ ಅನುಕಲಗಳನ್ನೂ ಸುಲಭವಾಗಿ ಗಣಿಸುವ ದಾರಿಯನ್ನು ಹುಡುಕುವುದು. ಕೇಂಬ್ರಿಜ್‌ನವರೇ ಆದ ಎಸ್. ಎಫ್. ಬಾಯ್ಸ್ 1950ರಲ್ಲಿಯೇ ಈ ದಾರಿಯನ್ನು ತೋರಿದ್ದರು. ಗೌಸನ ಹೆಸರಿನ ಫಲನಗಳನ್ನು ಬಳಸಿದರೆ, ಬೇರೆ ಬೇರೆ ಕೇಂದ್ರಗಳಲ್ಲಿರುವ ಎರಡು ಫಲನಗಳ ಗುಣಲಬ್ಧವು ಅಂಥದೇ ಇನ್ನೊಂದು ಫಲನವಾಗುವುದರಿಂದ ಅನುಕಲಗಳು ಸುಲಭಸಾಧ್ಯವಾಗುತ್ತವೆ.

1958ರಲ್ಲಿ ಪೋಪಲ್ ಗಣಿತಬೋಧನೆಯನ್ನು ಬಿಟ್ಟು ಟೆಡಿಂಗ್ಟನ್‌ನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಮೂಲ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಪದವಿ ದೊಡ್ಡದು, ಆದರೆ ಆಡಳಿತದ ಹೊರೆಯಿಂದ ಸಂಶೋಧನೆಗೆ ಬಿಡುವು ಕಡಮೆಯಾಯಿತು. 1964ರಲ್ಲಿ ಅವರು ಅದನ್ನು ತ್ಯಜಿಸಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿರುವ ಕಾರ್ನೆಗೀ ಸಂಸ್ಥೆಯ ಪ್ರಾಧ್ಯಾಪಕರಾದರು. ಅಲ್ಲಿ 1956ರಿಂದಲೇ ಅಲನ್ ಪರ್ಲಿಸ್ ಅವರ ನೇತೃತ್ವದಲ್ಲಿ ಗಣಕ ಕೇಂದ್ರವೊಂದು ಸ್ಥಾಪಿತವಾಗಿತ್ತೆಂಬುದು ಗಮನಾರ್ಹ. ಪೋಪಲ್ ಮೊದಲನೆಯ ದಾರಿಯಿಂದ ಎರಡನೆಯದಕ್ಕೆ ಸರಿದದ್ದು ಅಲ್ಲಿಯೇ. 1969ರಲ್ಲಿ ಹೆರೆ ಮತ್ತು ಸ್ಟೂವರ್ಟ್ ಅವರೊಡನೆ, ಮೂರು ಗೌಸ್ ಫಲನಗಳ ಕೂಟದಿಂದ ಒಂದು ಕಕ್ಷಕವನ್ನು ನಿರೂಪಿಸುವ ಪದ್ಧತಿಯನ್ನು ಪ್ರಕಟಿಸಿದರು. 1970ರಲ್ಲಿ ‘ಗೌಸಿಯನ್ 70’ ಎಂಬ ಕ್ರಮವಿಧಿ ಸಿದ್ಧವಾಗಿ, ಇಂಡಿಯಾನ ವಿಶ್ವವಿದ್ಯಾನಿಲಯದ ಕ್ರಮವಿಧಿ ವಿನಿಮಯ ಕೇಂದ್ರದ ಮೂಲಕ ಇತರ ವಿದ್ವಾಂಸರಿಗೂ ದೊರೆಯುವಂತಾಯಿತು.

ಬಾಯ್ಸ್ ತೋರಿದ ತತ್ತ್ವಕ್ಕೂ ಅದರ ವ್ಯಾಪಕ ಬಳಕೆಗೂ ನಡುವಣ ಇಪ್ಪತ್ತು ವರ್ಷಗಳ ಅಂತರವನ್ನು ಕೇವಲ ಯಂತ್ರಗಳ ವೇಗದಿಂದ ವಿವರಿಸುವುದು ಸಾಲದು. ತತ್ತ್ವವು ಪ್ರಬಂಧದಲ್ಲಿದ್ದಾಗ ಅದನ್ನು ಬಲ್ಲವರು ಗಣಿತಜ್ಞರು ಮಾತ್ರ. ಕ್ರಮವಿಧಿಯಾದ ಮೇಲೆ ಪ್ರಯೋಗಶಾಲೆಯ ರಸಾಯನಶಾಸ್ತ್ರಜ್ಞನೂ ಅದನ್ನು ಬಳಸಬಹುದಾಯಿತು. ಇದರ ಜೊತೆಗೆ ಪೋಪಲ್ ಒಂದು ಶಿಸ್ತನ್ನೂ ವಿಧಿಸಿದರು: ಗಣನೆಯ ಮಾದರಿಯನ್ನು ಮೊದಲೇ ಖಚಿತಪಡಿಸಿ, ಎಲ್ಲ ಅಣುಗಳಿಗೂ ಒಂದೇ ರೀತಿ ಅನ್ವಯಿಸಿ, ಫಲಿತಾಂಶಗಳನ್ನು ಪ್ರಯೋಗದೊಡನೆ ಹೋಲಿಸಿ, ದೋಷದ ಪ್ರಮಾಣವನ್ನು ಬಹಿರಂಗಪಡಿಸಬೇಕು. 1991ರ ಜಿ-2 ವಿಧಾನವನ್ನು 125 ಪ್ರಯೋಗಸಿದ್ಧ ಬೆಲೆಗಳೊಡನೆ ಹೋಲಿಸಿದಾಗ ಸರಾಸರಿ ವ್ಯತ್ಯಾಸ ಮೋಲಿಗೆ ಸುಮಾರು 1.2 ಕಿಲೋಕ್ಯಾಲೊರಿಯಷ್ಟಿತ್ತು.

ಗೌರವಗಳು ಇಬ್ಬರಿಗೂ ಸಮನಾಗಿ ಸಲ್ಲಲಿಲ್ಲ. ಪೋಪಲ್ 1961ರಲ್ಲಿಯೇ ರಾಯಲ್ ಸೊಸೈಟಿಯ ಸದಸ್ಯರಾದರೆ, ಬಾಯ್ಸ್ ಅವರಿಗೆ ಆ ಮನ್ನಣೆ ಬಂದದ್ದು ಅವರು ನಿಧನರಾದ ವರ್ಷವಾದ 1972ರಲ್ಲಿ. 1998ರ ನೊಬೆಲ್ ಪಾರಿತೋಷಕವನ್ನು ಪೋಪಲ್ ಅವರು ವಾಲ್ಟರ್ ಕೋನ್ ಅವರೊಡನೆ ಹಂಚಿಕೊಂಡರು. ಆಗ ಅವರು ಇಲಿನಾಯ್‌ನ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದಲ್ಲಿದ್ದರು. 2004ರ ಮಾರ್ಚ್ 15ರಂದು ನಿಧನರಾದರು.

ಈ ಕಥನದಲ್ಲಿ ಚರಿತ್ರೆಕಾರನು ಮರೆಯಬಾರದ ಇನ್ನೊಂದು ಸಂಗತಿಯುಂಟು. ವಿನಿಮಯ ಕೇಂದ್ರದ ಮೂಲಕ ಹಂಚಿಕೆಯಾಗಿದ್ದ ಗೌಸಿಯನ್, 1987ರಲ್ಲಿ ಸ್ಥಾಪಿತವಾದ ಕಂಪನಿಯೊಂದರ ಸ್ವತ್ತಾಯಿತು. ಪೋಪಲ್ ತಮ್ಮ ಕೊನೆಯ ವರ್ಷಗಳಲ್ಲಿ ಅದಕ್ಕೆ ಪ್ರತಿಸ್ಪರ್ಧಿಯಾದ ಕ್ಯೂ-ಕೆಮ್ ಎಂಬ ಕ್ರಮವಿಧಿಯ ಅಭಿವೃದ್ಧಿಯಲ್ಲಿ ತೊಡಗಿದ್ದರು. ಪ್ರಬಂಧವನ್ನು ಯಾರಾದರೂ ಓದಿ ಪರೀಕ್ಷಿಸಬಹುದು. ಪರವಾನಗಿಯ ಕಟ್ಟಿಗೆ ಒಳಪಟ್ಟ ಕ್ರಮವಿಧಿಯನ್ನು ಹಾಗೆ ಪರೀಕ್ಷಿಸುವುದು ಸುಲಭವಲ್ಲ. ಗ್ರಂಥಭಂಡಾರಗಳು ಪ್ರಬಂಧಗಳನ್ನು ಕಾಪಾಡುವಂತೆ ಹಳೆಯ ಕ್ರಮವಿಧಿಗಳ ಮೂಲಪಾಠಗಳನ್ನೂ ಅವುಗಳ ಆವೃತ್ತಿಗಳೊಡನೆ ಕಾಪಾಡದಿದ್ದರೆ, ಆ ಕಾಲದ ರಸಾಯನಶಾಸ್ತ್ರಜ್ಞರು ತಮ್ಮ ನಿರ್ಣಯಗಳಿಗೆ ಹೇಗೆ ಬಂದರೆಂಬುದನ್ನು ಮುಂದಿನ ಚರಿತ್ರೆಕಾರರು ತಿಳಿಯಲಾರರು. ಈ ಹೊಣೆ ವಿಜ್ಞಾನ ವಿಭಾಗಗಳಿಗೆ ಎಷ್ಟೋ ಚರಿತ್ರೆಯ ವಿಭಾಗಗಳಿಗೂ ಅಷ್ಟೇ ಸೇರಿದುದಾಗಿದೆ.