ಅಮೆರಿಕದ ಕಾಲೇಜು ಅಂಗಳಕ್ಕೆ ದಾರಿ

1852ರ ಆಗಸ್ಟ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ವಿನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ವಿದ್ಯಾರ್ಥಿಗಳು ದೋಣಿ ಸ್ಪರ್ಧೆಗಿಳಿದರು. ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾ ಪೈಪೋಟಿ ಅದು. ಖರ್ಚು ಹೊತ್ತದ್ದು ಒಂದು ರೈಲ್ವೆ ಕಂಪನಿ. ನೋಡಲು ಬರುವ ಜನ ತನ್ನ ರೈಲು ಹತ್ತಲಿ ಎಂಬುದು ಅದರ ಲೆಕ್ಕಾಚಾರ. 1855ರಲ್ಲಿ ಮತ್ತೆ ಎದುರಾದಾಗ ಹಾರ್ವರ್ಡ್ ದೋಣಿಯ ಚುಕ್ಕಾಣಿ ಹಿಡಿದಿದ್ದವನು ಆಗಲೇ ಪದವಿ ಮುಗಿಸಿದ್ದ. ಹಣ ಯಾರದ್ದು, ಆಡಲು ಅರ್ಹರು ಯಾರು ಎಂಬ ಎರಡು ಪ್ರಶ್ನೆಗಳೂ ಕಾಲೇಜು ಕ್ರೀಡೆಯ ಜೊತೆಯಲ್ಲೇ ಹುಟ್ಟಿದವು.

ಆರಂಭದ ದಶಕಗಳಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳೇ ಇರಲಿಲ್ಲ. 1896ರಲ್ಲಿ ವೆಸ್ಟ್ ವರ್ಜೀನಿಯಾದ ಕಾನೂನು ವಿದ್ಯಾರ್ಥಿ ಫೀಲ್ಡಿಂಗ್ ಯೋಸ್ಟ್ ಇದ್ದಕ್ಕಿದ್ದಂತೆ ಲಫಾಯೆಟ್ ಕಾಲೇಜಿಗೆ ಸೇರಿ, ಬಲಿಷ್ಠ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ತಂಡದ ವಿರುದ್ಧದ ಅಮೆರಿಕನ್ ಫುಟ್‌ಬಾಲ್ ಪಂದ್ಯ ಆಡಿ, ಗೆದ್ದು, ಮತ್ತೆ ತನ್ನ ಕಾಲೇಜಿಗೆ ಮರಳಿದ. ಮುಂದೆ ಅವನೇ ಮಿಷಿಗನ್‌ನ ಹೆಸರಾಂತ ಕೋಚ್ ಆದ. ಯೇಲ್ ನಾಯಕ ಜೇಮ್ಸ್ ಹೋಗನ್‌ಗೆ ಉಚಿತ ಶಿಕ್ಷಣ, ಒಳ್ಳೆಯ ವಸತಿ, ಕ್ಯೂಬಾ ಪ್ರವಾಸಗಳ ಜೊತೆಗೆ ನಗರದಲ್ಲಿ ಮಾರಾಟವಾಗುವ ಸಿಗರೇಟಿನ ಮೇಲೆ ಕಮಿಷನ್ ಕೂಡ ಸಿಗುತ್ತಿತ್ತೆಂದು 1905ರ ಹೊತ್ತಿಗೆ ಪತ್ರಿಕೆಗಳು ಬಯಲಿಗೆಳೆದವು. ಹುಡುಗರನ್ನು ಹುಡುಕಿ ತರುತ್ತಿದ್ದವರು ಬಹುಪಾಲು ಹಳೆಯ ವಿದ್ಯಾರ್ಥಿಗಳು ಮತ್ತು ಊರಿನ ಸಿರಿವಂತ ಅಭಿಮಾನಿಗಳು.

1906ರಲ್ಲಿ ಹುಟ್ಟಿ, 1910ರಲ್ಲಿ ಎನ್‌ಸಿಎಎ ಎಂಬ ಹೆಸರು ಪಡೆದ, ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯ ಮೊದಲ ಚಿಂತೆ ಈ ಆಮಿಷಗಳಾಗಿರಲಿಲ್ಲ. ಫುಟ್‌ಬಾಲ್ ಮೈದಾನದ ಸಾವುನೋವು ತಡೆಯುವುದೇ ಅದಕ್ಕೆ ತುರ್ತಾಗಿತ್ತು. ಆಟಗಾರರಿಗೆ ಆಮಿಷ ಒಡ್ಡುವುದು ಕಾಲೇಜುಗಳಲ್ಲಿ ಮಾಮೂಲಿ ಎಂದು ಕಾರ್ನೆಗಿ ಪ್ರತಿಷ್ಠಾನದ 1929ರ ವರದಿ ದಾಖಲಿಸಿತು. 1948ರಲ್ಲಿ ಬಂದ ‘ಸ್ಯಾನಿಟಿ ಕೋಡ್’, ಬಡತನ ಸಾಬೀತಾದ ಆಟಗಾರರಿಗಷ್ಟೇ ಶುಲ್ಕ ವಿನಾಯಿತಿ ಎಂದಿತು. ಅದನ್ನು ಮುರಿದ ಏಳು ಕಾಲೇಜುಗಳನ್ನು ಹೊರಹಾಕುವ ನಿರ್ಣಯಕ್ಕೆ 1950ರಲ್ಲಿ ಬೇಕಾದಷ್ಟು ಮತ ಬೀಳಲಿಲ್ಲ. ಮರುವರ್ಷ ನಿಯಮವೇ ರದ್ದಾಯಿತು.

ನಿಜವಾದ ತಿರುವು 1956ರದ್ದು. ಆರ್ಥಿಕ ಸ್ಥಿತಿ ನೋಡದೆ, ಆಟದ ಸಾಮರ್ಥ್ಯವನ್ನಷ್ಟೇ ನೋಡಿ ಪೂರ್ಣ ವಿದ್ಯಾರ್ಥಿವೇತನ ಕೊಡಲು ಎನ್‌ಸಿಎಎ ಒಪ್ಪಿತು: ಬೋಧನಾ ಶುಲ್ಕ, ವಸತಿ, ಊಟ, ಪುಸ್ತಕ, ಮೇಲೆ ತಿಂಗಳಿಗೆ 15 ಡಾಲರ್ ಕೈಖರ್ಚು. ಅಂದಿನಿಂದ ಆಯ್ಕೆಯ ಅಧಿಕಾರ ಕೋಚ್ ಕೈಗೆ ಬಂತು. 1964ರಲ್ಲಿ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ ಎಂಬ ಒಪ್ಪಿಗೆ ಪತ್ರ ಬಂದ ಮೇಲೆ, ವಿದ್ಯಾರ್ಥಿ ಒಮ್ಮೆ ಸಹಿ ಹಾಕಿದರೆ ಬೇರೆ ಕಾಲೇಜುಗಳು ಅವನ ಬೆನ್ನು ಬೀಳುವಂತಿರಲಿಲ್ಲ. ಆರು ದಶಕ ಅಮೆರಿಕದ ಹೈಸ್ಕೂಲುಗಳಲ್ಲಿ ಸಹಿಯ ದಿನವೆಂದರೆ ಹಬ್ಬವೇ ಆಗಿತ್ತು.

ಆದರೆ 1973ರಲ್ಲಿ ನಾಲ್ಕು ವರ್ಷದ ವಿದ್ಯಾರ್ಥಿವೇತನದ ಭರವಸೆಯನ್ನು ಒಂದೊಂದೇ ವರ್ಷಕ್ಕೆ ನವೀಕರಿಸುವ ಕರಾರಾಗಿ ಬದಲಿಸಲಾಯಿತು. ಈ ಇಡೀ ಚರಿತ್ರೆಯಲ್ಲಿ ಇಷ್ಟು ಸದ್ದಿಲ್ಲದೆ ನಡೆದ ಅನ್ಯಾಯ ಇನ್ನೊಂದಿಲ್ಲ. ಮೊಣಕಾಲು ಮುರಿದುಕೊಂಡ, ಫಾರ್ಮ್ ಕಳೆದುಕೊಂಡ, ಹೊಸ ಕೋಚ್‌ಗೆ ಬೇಡವಾದ ವಿದ್ಯಾರ್ಥಿಯ ಓದು ಅರ್ಧಕ್ಕೇ ನಿಲ್ಲುವ ಭಯ ಅಂದು ಶುರುವಾಯಿತು. ಒಂದಕ್ಕಿಂತ ಹೆಚ್ಚು ವರ್ಷದ ವಿದ್ಯಾರ್ಥಿವೇತನಕ್ಕೆ ಮತ್ತೆ ಅವಕಾಶ ಸಿಕ್ಕಿದ್ದು 2012ರಲ್ಲಿ.

ಅದೇ ಕಾಲದಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. 1972ರ ‘ಟೈಟಲ್ ನೈನ್’ ಕಾಯ್ದೆ, ಸರ್ಕಾರಿ ನೆರವು ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗ ತಾರತಮ್ಯ ನಿಷೇಧಿಸಿತು. ಆಗ ಸುಮಾರು 30,000 ಇದ್ದ ಕಾಲೇಜು ಆಟಗಾರ್ತಿಯರ ಸಂಖ್ಯೆ ಇಂದು 2 ಲಕ್ಷ ದಾಟಿದೆ. 1974ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಆ್ಯನ್ ಮೆಯರ್ಸ್‌ಗೆ ಯುಸಿಎಲ್‌ಎ ಪೂರ್ಣ ವಿದ್ಯಾರ್ಥಿವೇತನ ಕೊಟ್ಟದ್ದು ಆಗ ದೊಡ್ಡ ಸುದ್ದಿ. ಕಪ್ಪು ಆಟಗಾರರ ಪಾಲಿಗೆ ದಕ್ಷಿಣದ ಬಾಗಿಲು ತೆರೆಯಲು ಹಿಡಿದ ಕಾಲ ಇನ್ನೂ ನೋವಿನದು. ಐವರು ಕಪ್ಪು ಆಟಗಾರರೊಂದಿಗೆ ಅಂಗಳಕ್ಕಿಳಿದ ಟೆಕ್ಸಸ್ ವೆಸ್ಟರ್ನ್, 1966ರ ಎನ್‌ಸಿಎಎ ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಬಿಳಿಯರೇ ತುಂಬಿದ್ದ ಕೆಂಟಕಿಯನ್ನು ಸೋಲಿಸಿದ ಮೇಲೂ ದಕ್ಷಿಣದ ಕೆಲವು ಕಾಲೇಜುಗಳು ವರ್ಷಗಟ್ಟಲೆ ಹಿಂಜರಿದವು.

ಹೊರಗಿನಿಂದ ನೋಡುವವರಿಗೆ ಇದೆಲ್ಲ ದುಡ್ಡಿನ ಹೊಳೆ ಎನಿಸಬಹುದು. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್ ಬಿಟ್ಟರೆ ಲೆಕ್ಕವೇ ಬೇರೆ. ಎನ್‌ಸಿಎಎ ವಿಂಗಡಣೆಯ ಮೊದಲ ದರ್ಜೆಯ (ಡಿವಿಷನ್ 1) ಕಾಲೇಜಿನ ಬೇಸ್‌ಬಾಲ್ ತಂಡಕ್ಕೆ ಬಹುಕಾಲ ಇದ್ದದ್ದು 11.7 ವಿದ್ಯಾರ್ಥಿವೇತನ, ಅದನ್ನು 27 ಹುಡುಗರಿಗೆ ಹಂಚಬಹುದಿತ್ತು. ಪುರುಷರ ಅಥ್ಲೆಟಿಕ್ಸ್‌ಗೆ 12.6. ಮೂರನೇ ದರ್ಜೆಯ ಕಾಲೇಜುಗಳಲ್ಲೂ ಹಾರ್ವರ್ಡ್, ಯೇಲ್ ಸೇರಿದ ಐವಿ ಲೀಗ್‌ನಲ್ಲೂ ಆಟಕ್ಕಾಗಿ ವಿದ್ಯಾರ್ಥಿವೇತನವೇ ಇಲ್ಲ. ಅಲ್ಲಿ ಕೋಚ್‌ನ ಶಿಫಾರಸು ಪ್ರವೇಶಕ್ಕೆ ಬಲ ಕೊಡುತ್ತದೆ. ಆ ಬಲಕ್ಕೆ ಎಂಥ ಬೆಲೆಯಿದೆ ಎಂಬುದು 2019ರ ‘ವಾರ್ಸಿಟಿ ಬ್ಲೂಸ್’ ಪ್ರಕರಣದಲ್ಲಿ ಬಯಲಾಯಿತು: ದೋಣಿಯನ್ನೇ ಹತ್ತದ ಮಕ್ಕಳನ್ನು ದೋಣಿ ತಂಡದ ಪ್ರತಿಭೆಗಳೆಂದು ತೋರಿಸಲು ಶ್ರೀಮಂತ ಪೋಷಕರು ಲಂಚ ಕೊಟ್ಟಿದ್ದರು.

ಸಾಮಾನ್ಯ ಮನೆಯ ಹುಡುಗಿ ಮಾತ್ರ ತನ್ನನ್ನು ತಾನೇ ಪರಿಚಯಿಸಿಕೊಳ್ಳಬೇಕು. ಆಟದ ವಿಡಿಯೊ, ಓಟದ ಸಮಯ, ಅಂಕಪಟ್ಟಿಗಳನ್ನು ಹತ್ತಾರು ಕೋಚ್‌ಗಳಿಗೆ ಮೇಲ್ ಮಾಡಬೇಕು, ಬೇಸಿಗೆ ಶಿಬಿರಗಳಿಗೆ ಹೋಗಬೇಕು. ಎಂಟನೇ ತರಗತಿಯ ಮಕ್ಕಳಿಂದಲೂ ಬಾಯಿಮಾತಿನ ಒಪ್ಪಿಗೆ ಪಡೆಯುವ ಚಾಳಿ ಲಕ್ರಾಸ್‌ನಂಥ ಆಟಗಳಲ್ಲಿ ಬೆಳೆದಾಗ ಕೋಚ್‌ಗಳೇ ಕಡಿವಾಣ ಬೇಡಿದರು. ಹೆಚ್ಚಿನ ಕ್ರೀಡೆಗಳಲ್ಲಿ ಈಗ ಹತ್ತನೇ ತರಗತಿ ಮುಗಿದ ಬಳಿಕದ ಜೂನ್ 15ರವರೆಗೆ ಕೋಚ್ ವಿದ್ಯಾರ್ಥಿಯೊಡನೆ ಆಯ್ಕೆಯ ಮಾತೆತ್ತುವಂತಿಲ್ಲ. ಓದಿನ ಮಟ್ಟವೂ ಮುಖ್ಯ. 1986ರಲ್ಲಿ ಜಾರಿಗೆ ಬಂದ ‘ಪ್ರೊಪೊಸಿಷನ್ 48’ರಿಂದ ಬೆಳೆದ ನಿಯಮಾವಳಿಯಂತೆ ಮೊದಲ ದರ್ಜೆಗೆ ಹೈಸ್ಕೂಲಿನ 16 ಮೂಲ ಪಠ್ಯಗಳು ಮತ್ತು ಕನಿಷ್ಠ 2.3 ಗ್ರೇಡ್ ಸರಾಸರಿ ಬೇಕು.

ಕರ್ನಾಟಕಕ್ಕೂ ಇಲ್ಲೊಂದು ನಂಟಿದೆ. 1983ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ಬೆಳೆದದ್ದು ಮೇರಿಲ್ಯಾಂಡ್‌ನ ಫ್ರೆಡರಿಕ್‌ನಲ್ಲಿ. ತಂದೆ ಶಿವೇಗೌಡರೇ ಅಥ್ಲೆಟಿಕ್ಸ್ ತರಬೇತುದಾರರು. ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪರವಾಗಿ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಪ್ರಶಸ್ತಿ ಗೆದ್ದ ಅವರು 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಭಾರತಕ್ಕೆ ಚಿನ್ನ ತಂದರು. ಸೋಮದೇವ್ ದೇವವರ್ಮನ್ ವರ್ಜೀನಿಯಾ ಪರ 2007 ಮತ್ತು 2008ರಲ್ಲಿ ಟೆನಿಸ್ ಸಿಂಗಲ್ಸ್ ಗೆದ್ದರು. ದೆಹಲಿಯ ತೇಜಸ್ವಿನ್ ಶಂಕರ್ ವಿದ್ಯಾರ್ಥಿವೇತನದ ಮೇಲೆ ಕಾನ್ಸಾಸ್ ಸ್ಟೇಟ್ ಸೇರಿ ಹೈಜಂಪ್‌ನಲ್ಲಿ ಎರಡು ಬಾರಿ ಚಾಂಪಿಯನ್ ಆದರು. ಪದವಿಯನ್ನೂ ತರಬೇತಿಯನ್ನೂ ಒಂದೇ ಕಡೆ ಕೊಡುವ ಇಂಥ ವ್ಯವಸ್ಥೆ ನಮ್ಮಲ್ಲಿ ಇಂದಿಗೂ ಬೇರೂರಿಲ್ಲ. ಸಿಇಟಿಯ ಕ್ರೀಡಾ ಕೋಟಾ ಆಟದ ಸಾಧನೆಗೆ ಸೀಟು ಕೊಡುತ್ತದೆ. ಸೀಟು ಸಿಕ್ಕ ಮೇಲೆ ಆಟ ಮುಂದುವರಿಸುವ ಹೊಣೆ ಹುಡುಗರದೇ.

ಇತ್ತೀಚಿನ ಬದಲಾವಣೆಗಳ ವೇಗ ಹಿಂದೆಂದೂ ಕಾಣದ್ದು. 2018ರಲ್ಲಿ, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ‘ಟ್ರಾನ್ಸ್‌ಫರ್ ಪೋರ್ಟಲ್’ ಬಂತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರದಿಂದ ಹಣ ಗಳಿಸಬಹುದಾಯಿತು. 2024ರಲ್ಲಿ ಸಹಿಯ ಆ ಹಳೆಯ ಪತ್ರವನ್ನೇ ಕೈಬಿಡಲಾಯಿತು. 2025ರ ಜೂನ್‌ನಲ್ಲಿ ಆಟಗಾರರ ಮೊಕದ್ದಮೆಯೊಂದರಲ್ಲಿ ನ್ಯಾಯಾಲಯ ಒಪ್ಪಿದ ‘ಹೌಸ್’ ರಾಜಿಯ ಪ್ರಕಾರ, ಅದಕ್ಕೆ ಒಳಪಟ್ಟ ಪ್ರತಿ ಕಾಲೇಜು ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. ಬಹುಕಾಲ ದುಡಿಸಿಕೊಂಡವರಿಗೆ ಪಾಲು ಸಿಕ್ಕಿದ್ದು ನ್ಯಾಯವೇ. ಆದರೆ ಅದೇ ಕಾಲೇಜುಗಳಲ್ಲಿ ವಿದ್ಯಾರ್ಥಿವೇತನದ ಮಿತಿ ಹೋಗಿ ತಂಡದ ಗಾತ್ರಕ್ಕೆ ಮಿತಿ ಬಂದಿದ್ದರಿಂದ, ವಿದ್ಯಾರ್ಥಿವೇತನವಿಲ್ಲದೆ ಆಸೆಯಿಂದ ತಂಡದಲ್ಲಿದ್ದ ಹಲವರು ಜಾಗ ಕಳೆದುಕೊಂಡರು. ಪೋರ್ಟಲ್‌ನಿಂದ ಅನುಭವಿಗಳು ಸಿಗುತ್ತಿರುವಾಗ ಕೋಚ್‌ಗಳು ಹೈಸ್ಕೂಲಿನ ಹೊಸಬರಿಗೆ ಕೊಡುವ ಜಾಗಗಳೂ ಕುಗ್ಗುತ್ತಿವೆ. ಎಫ್-1 ವೀಸಾದಲ್ಲಿರುವ ವಿದೇಶಿ ವಿದ್ಯಾರ್ಥಿಗಳಿಗೆ ದುಡಿಮೆಯ ನಿರ್ಬಂಧ ಇರುವುದರಿಂದ, ಪಕ್ಕದಲ್ಲೇ ಓಡುವ ಸಹಪಾಠಿಗೆ ಸಿಗುವ ಜಾಹೀರಾತು ಒಪ್ಪಂದಗಳಿಗೆ ಅಮೆರಿಕದ ನೆಲದಲ್ಲಿ ಅವರು ಸುಲಭವಾಗಿ ಕೈಹಾಕುವಂತಿಲ್ಲ.