ಕೃತ್ತಿಕೆ

ಹಾಲ್ಕುರಿಕೆ ಸೀಮೆಯ ತೆಂಗಿನ ತೋಟದವರಿಗೆ ಕೃತ್ತಿಕೆ ಎಂದರೆ ಮೊದಲು ಮಳೆ. ಭರಣಿ ಕಳೆದು ರೋಹಿಣಿ ಹುಟ್ಟುವ ಮುಂಚೆ, ಮೇ ತಿಂಗಳ ನಡುವೆ, ಸೂರ್ಯ ಈ ನಕ್ಷತ್ರದಲ್ಲಿರುವ ಸುಮಾರು 14 ದಿನಗಳ ಮಳೆ ಅದು. ಆಗ ಕೃತ್ತಿಕೆ ಹಗಲ ಬೆಳಕಿನಲ್ಲಿ ಮುಳುಗಿರುತ್ತದೆ. ಸಂಜೆಯಾಗುತ್ತಲೇ ಮೂಡಣದಲ್ಲಿ ನೋಡಬೇಕೆಂದರೆ ಕಾರ್ತಿಕದವರೆಗೆ ಕಾಯಬೇಕು. ಹುಣ್ಣಿಮೆ ಚಂದ್ರ ಇದರ ಬಳಿ ಬರುವುದರಿಂದಲೇ ಆ ಮಾಸಕ್ಕೆ ಆ ಹೆಸರು.

ಪದ ಸಂಸ್ಕೃತದ್ದು. ಕತ್ತರಿಸು ಎಂಬ ಅರ್ಥದ ‘ಕೃತ್’ ಧಾತುವಿಗೆ ಇದನ್ನು ಜೋಡಿಸುವುದುಂಟು. ಜ್ಯೋತಿಷದಲ್ಲಿ ಇದರ ಆಕಾರ ಕ್ಷೌರದ ಕತ್ತಿ, ದೇವತೆ ಅಗ್ನಿ. ಷಣ್ಮುಖನಿಗೆ ಹಾಲೂಡಿದ ಆರು ತಾಯಂದಿರೂ ಇವರೇ, ಅವನು ಕಾರ್ತಿಕೇಯನಾದದ್ದು ಹಾಗೆ. ಅಗ್ನಿಯ ನಕ್ಷತ್ರ ನಮ್ಮ ರೈತರ ಬಾಯಲ್ಲಿ ಮಳೆಯಾಗಿ ಉಳಿದದ್ದು ನನಗೆ ಬಲು ಪ್ರಿಯ.

ಖಗೋಳಶಾಸ್ತ್ರದಲ್ಲಿ ಇದು ತೆರೆದ ಗುಚ್ಛ: ಒಂದೇ ಅನಿಲ ಮೋಡದಲ್ಲಿ ಹುಟ್ಟಿ, ಸಡಿಲವಾಗಿ ಕೂಡಿಕೊಂಡಿರುವ ಸುಮಾರು ಸಾವಿರ ನಕ್ಷತ್ರಗಳು. ದೂರ ಸುಮಾರು 440 ಜ್ಯೋತಿರ್ವರ್ಷ. ಬರಿಗಣ್ಣಿಗೆ ಕಾಣುವ ಆರೇಳು ಮಾತ್ರ ಸೂರ್ಯನಿಗಿಂತ ಹಲವು ಪಟ್ಟು ಭಾರದ, ಸುಡುಬಿಸಿಯ ನೀಲಿ ನಕ್ಷತ್ರಗಳು. ಭಾರ ಹೆಚ್ಚಿದಷ್ಟೂ ಇಂಧನ ಬೇಗ ಮುಗಿಯುತ್ತದೆ. ಸೂರ್ಯನ ಆಯುಸ್ಸು ಸುಮಾರು 1000 ಕೋಟಿ ವರ್ಷ. ಕೃತ್ತಿಕೆಯ ವಯಸ್ಸು ಇನ್ನೂ 10 ಕೋಟಿಯ ಆಸುಪಾಸು. ಅಷ್ಟರಲ್ಲೇ ಅಲ್ಲಿನ ಒಂದು ಭಾರಿ ನಕ್ಷತ್ರ ಉರಿದು ತೀರಿ ಶ್ವೇತಕುಬ್ಜವಾಗಿದೆ.